ನಮ್ಮ ಸುರಂಗ ಮತ್ತೆ ಕಲ್ಲಾಗಿದೆ: ಗೇಮ್ ಸರ್ವರ್ ಸೇವೆಯ ಬಗ್ಗೆ ದೂರು

ಬೆಂಗಳೂರು
6 ಅಕ್ಟೋಬರ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಮಗೆ ತಿಳಿಸದೆ ಸರ್ವರ್ ಸೆಟ್ಟಿಂಗ್ ಬದಲಿಸಿದ್ದರಿಂದ ಅಳಿಸಿಹೋದ ಗಣಿಯನ್ನು ಬ್ಯಾಕಪ್‌ನಿಂದ ಮರಳಿಸಿಕೊಡುವ ಬಗ್ಗೆ

ಮಾನ್ಯರೇ,

ಜುಲೈ ತಿಂಗಳಿಂದ ‘ಸೆವೆನ್ ಡೇಸ್ ಟು ಡೈ’ ಗೇಮಿಗಾಗಿ ನಿಮ್ಮಲ್ಲಿ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ. ಆಡುವವರು ಐದು ಜನ. ನಾನು, ನನ್ನ ತಮ್ಮ ಬೆಂಗಳೂರಿನಲ್ಲಿದ್ದೇವೆ. ಉಳಿದವರು ಹುಬ್ಬಳ್ಳಿ, ಮೈಸೂರು ಮತ್ತು ಮಸ್ಕತ್‌ನಲ್ಲಿ. ಕಾಲೇಜು ಮುಗಿದ ಮೇಲೆ ಎಲ್ಲರೂ ಒಂದೇ ಕಡೆ ಸೇರುವುದು ವಾರದ ಕೊನೆಗೆ ಈ ಸರ್ವರ್‌ನಲ್ಲಿ ಮಾತ್ರ. ಅದಕ್ಕೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 28, ಭಾನುವಾರ ಸಂಜೆ ತಮ್ಮ ಗೇಮ್‌ನೊಳಗಿನ ನಮ್ಮ ನೆಲೆಯಾದ ಬೇಸ್‌ನ ಏಣಿ ಇಳಿದು ಗಣಿಗೆ ಹೋದ. ಎರಡೇ ನಿಮಿಷದಲ್ಲಿ ಹೆಡ್‌ಫೋನ್‌ನಲ್ಲಿ ಅವನ ದನಿ ಬಂತು, “ಅಣ್ಣಾ, ಸುರಂಗ ಇಲ್ಲ.” ದಾರಿ ತಪ್ಪಿರಬೇಕು ಅಂದುಕೊಂಡು ನಾನೂ ಇಳಿದೆ. ಮೊದಲ ಸ್ವಲ್ಪ ದೂರ ಎಲ್ಲ ಸರಿಯಾಗಿತ್ತು. ಗೋಡೆಯ ಮೇಲೆ ನಾವು ಹಚ್ಚಿದ್ದ ಪಂಜುಗಳು ಉರಿಯುತ್ತಿದ್ದವು. ಆಮೇಲೆ ಎದುರಿಗೆ ಕಲ್ಲು. ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ, ಒಂದು ಬಿರುಕೂ ಇಲ್ಲದ ಕಲ್ಲಿನ ಗೋಡೆ. ಹೆಲ್ಮೆಟ್‌ನ ದೀಪ ಹಾಕಿಕೊಂಡು ಅದನ್ನೇ ನೋಡುತ್ತಾ ನಿಂತೆವು. ಅದರ ಆಚೆ ನಮ್ಮ ಎರಡು ತಿಂಗಳ ಕೆಲಸ ಇತ್ತು.

ಪತ್ರ ಓದುವವರು ಈ ಗೇಮ್ ಆಡಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. 2013ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿಯಾಗುವ ಮೊದಲೇ ಬಂದ ಈ ಗೇಮ್ 1.0, ಅಂದರೆ ಪೂರ್ಣ ಆವೃತ್ತಿ, ಆಗಿದ್ದು 2024ರ ಜುಲೈನಲ್ಲಿ. ನಡುವೆ ಬೇಕಾದಷ್ಟು ಬದಲಾಗಿದೆ. ಬದಲಾಗದ ಒಂದು ವಿಷಯ ಅಂದರೆ, ಇಲ್ಲಿನ ನೆಲ ಬರೀ ಚಿತ್ರ ಅಲ್ಲ. ತಳದ ಬೆಡ್‌ರಾಕ್ ಸಿಗುವ ತನಕ ಒಂದೊಂದೇ ಬ್ಲಾಕ್ ಅಗೆಯಬಹುದು. ಗೇಮ್‌ನ ಪ್ರತಿ ಏಳನೇ ದಿನ ರಾತ್ರಿ ಹತ್ತಕ್ಕೆ ಬ್ಲಡ್ ಮೂನ್ ಶುರುವಾಗಿ ಜೋಂಬಿಗಳ ಹಿಂಡು ಮೈಮೇಲೆ ಬೀಳುತ್ತದೆ. ಅದನ್ನು ತಡೆಯುವ ಕಾಂಕ್ರೀಟ್, ಉಕ್ಕು, ಮದ್ದುಗುಂಡು ಎಲ್ಲವೂ ಬರುವುದು ನೆಲದೊಳಗಿಂದಲೇ. ಗನ್‌ಪೌಡರ್‌ಗೆ ಕಲ್ಲಿದ್ದಲು ಮತ್ತು ನೈಟ್ರೇಟ್ ಬೇಕು, ಗುಂಡಿಗೆ ಸೀಸ ಬೇಕು, ಪೆಟ್ರೋಲ್ ಮಾಡಲು ಮರುಭೂಮಿಯ ಆಯಿಲ್ ಶೇಲ್ ಅನ್ನುವ ಕಲ್ಲು ಬೇಕು.

ನಮ್ಮ ಬೇಸ್ ಇರುವುದು ಪೈನ್ ಕಾಡಿನ ಅಂಚಿನಲ್ಲಿ. ಅಲ್ಲಿಂದ ಮರುಭೂಮಿಯ ಆಯಿಲ್ ಶೇಲ್ ತನಕ 180 ಮೀಟರ್ ಸುರಂಗ ಕೊರೆದಿದ್ದೆವು. ಮೂರು ಬ್ಲಾಕ್ ಅಗಲ, ಮೂರು ಬ್ಲಾಕ್ ಎತ್ತರ. ಒಂದು ಬ್ಲಾಕ್ ಅಂದ್ರೆ ಒಂದು ಮೀಟರ್, ಅಲ್ಲಿಗೆ ಒಟ್ಟು 1,620 ಬ್ಲಾಕ್. ನೆಲ ಕೊರೆಯುವ ಆಗರ್ ಯಂತ್ರ ಬಳಸಿದ್ದರೆ ಬೇಗ ಮುಗಿಯುತ್ತಿತ್ತು, ನಿಜ. ಆದರೆ ಅದರ ಗದ್ದಲಕ್ಕೆ ಹೀಟ್ (ಜೋಂಬಿಗಳನ್ನು ಸೆಳೆಯುವ ಮಟ್ಟ) ಏರಿ ಸ್ಕ್ರೀಮರ್ ಅನ್ನುವ ಜೋಂಬಿ ಬರುತ್ತಾಳೆ, ಅವಳು ಕಿರುಚಿದರೆ ಹಿಂಡೇ ಬರುತ್ತದೆ. ಅದಕ್ಕೇ ಜಾಸ್ತಿ ಭಾಗ ಪಿಕಾಸಿಯಲ್ಲೇ ಕಡಿದೆವು. ಮೈಸೂರಿನ ಗೆಳತಿ ಸೀಸದ ಅದಿರು ಸಿಕ್ಕಲ್ಲೆಲ್ಲ ಪಕ್ಕದ ಕವಲು ತೆಗೆದಳು. ಸುರಂಗದ ಕೊನೆಯಲ್ಲಿ ಒಂದು ಕೋಣೆ ಮಾಡಿ ಕಾಂಕ್ರೀಟ್ ಕಂಬಗಳನ್ನು ಉಕ್ಕಿಗೆ ಏರಿಸಿದ್ದೆವು. ಒಂದೊಂದು ಉಕ್ಕಿನ ಬ್ಲಾಕ್‌ಗೂ 10,000 ಪಾಯಿಂಟ್ ಬಲ. ಹುಬ್ಬಳ್ಳಿಯ ಗೆಳೆಯ ಅಲ್ಲಿನ ದೊಡ್ಡ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ‘ಉಗ್ರಾಣ’ ಅಂತ ಬರೆದಿದ್ದ. ಈಗ ಕೋಣೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ, ಅದರೊಳಗಿನ ಸಾಮಾನೂ ಇಲ್ಲ.

ಅವತ್ತೇ ರಾತ್ರಿ ನಿಮಗೆ ದೂರು ಕಳಿಸಿದೆ. ಆರು ದಿನ ಕಾದ ಮೇಲೆ ಉತ್ತರ ಬಂತು: “ಈ ಗೇಮ್‌ನಲ್ಲಿ ಜೋಂಬಿಗಳು ನೆಲ ಅಗೆಯುತ್ತವೆ. ನಿಮ್ಮ ಕಟ್ಟಡವನ್ನು ಅವು ನಾಶ ಮಾಡಿರಬಹುದು.”

ಜೋಂಬಿಗಳು ಅಗೆಯುತ್ತವೆ ಅನ್ನುವುದು ನಮಗೂ ಗೊತ್ತು. 2018ರ ಆಲ್ಫಾ 17 ಆವೃತ್ತಿಯಿಂದ ಅವು ಅಗೆಯುತ್ತಿವೆ. ಆದರೆ ಅಗೆದದ್ದನ್ನು ಅವು ಮುಚ್ಚುವುದಿಲ್ಲ. ಜೋಂಬಿ ಬಂದಿದ್ದರೆ ಗುಂಡಿ ಇರಬೇಕಿತ್ತು, ಮುರಿದ ಕಂಬ ಇರಬೇಕಿತ್ತು. ಇಲ್ಲಿ ಇರುವುದು ಅಖಂಡ ಕಲ್ಲು. ನಾವು ಖಾಲಿ ಮಾಡಿದ್ದ ಸೀಸ ಮತ್ತೆ ತುಂಬಿಕೊಂಡಿದೆ. ಅಷ್ಟೇ ಅಲ್ಲ, ಮೇಲೆ ನೆಲದ ಮೇಲೆ ಗುರುತಿಗಿದ್ದ ಅದಿರಿನ ಬಂಡೆಯನ್ನು ಮೊದಲ ವಾರವೇ ಒಡೆದು ತೆಗೆದಿದ್ದೆವು. ಅದು ಈಗ ಇದ್ದ ಜಾಗದಲ್ಲೇ ಕೂತಿದೆ. ಯಾವ ಜೋಂಬಿ ಬಂಡೆಯನ್ನು ವಾಪಸ್ ತಂದಿಡುತ್ತದೆ, ನೀವೇ ಹೇಳಿ.

ಕಾರಣ ಏನು ಅಂತ ಕಡೆಗೆ ನಾವೇ ಹುಡುಕಿದೆವು. ಸರ್ವರ್ ನಿಯಂತ್ರಿಸುವ ನಿಮ್ಮ ಪ್ಯಾನೆಲ್‌ನಲ್ಲಿ ಸೆಟ್ಟಿಂಗ್‌ಗಳಿರುವ ಸರ್ವರ್ ಕಾನ್ಫಿಗ್ ಫೈಲ್ ತೆರೆದರೆ, ಅದು ಕೊನೆಯದಾಗಿ ಬದಲಾಗಿದ್ದು ಸೆಪ್ಟೆಂಬರ್ 11ರ ಬೆಳಗಿನ ಜಾವ 3:40ಕ್ಕೆ. ಅವತ್ತು ನಿಮ್ಮ ಮೆಂಟೆನೆನ್ಸ್ ಇತ್ತು. ಆ ಹೊತ್ತಿಗೆ ನಮ್ಮಲ್ಲಿ ಯಾರೂ ಲಾಗಿನ್ ಆಗಿರಲಿಲ್ಲ, ಪ್ಯಾನೆಲ್‌ನ ದಾಖಲೆಯೇ ಹಾಗೆ ಹೇಳುತ್ತದೆ. ಆ ಫೈಲ್‌ನಲ್ಲಿ ‘ಮ್ಯಾಕ್ಸ್ ಚಂಕ್ ಏಜ್’ ಅಂತ ಒಂದು ಸಾಲು ಇದೆ. ಒಂದು ಜಾಗಕ್ಕೆ ಯಾರೂ ಹೋಗದೆ ಗೇಮ್‌ನ ಎಷ್ಟು ದಿನ ಕಳೆದರೆ ಅದು ಮೊದಲಿನಂತೆ ಆಗಬೇಕು ಅನ್ನುವುದನ್ನು ಅದು ಹೇಳುತ್ತದೆ. ನಮ್ಮದು ಮೈನಸ್ 1 ಇತ್ತು, ಅಂದರೆ ಯಾವತ್ತೂ ಆಗಬಾರದು. ಈಗ ಅಲ್ಲಿ 10 ಇದೆ. ನಮ್ಮ ಫೈಲ್ ಮೇಲೆ ನಿಮ್ಮ ಸಿದ್ಧ ಫೈಲ್ ಒಂದನ್ನು ಕೂರಿಸಿದ್ದೀರಿ ಅನ್ನುವುದು ಸ್ಪಷ್ಟ.

ಗೇಮ್‌ನ ಒಂದು ದಿನ ಅಂದರೆ ನಮ್ಮ ಒಂದು ಗಂಟೆ. ಸೆಪ್ಟೆಂಬರ್ 7ರ ನಂತರ ನಾವು ವೇಸ್ಟ್‌ಲ್ಯಾಂಡ್ ಅನ್ನುವ ಬೇರೆ ಪ್ರದೇಶದ ಕಡೆ ಇದ್ದೆವು, ಗಣಿಗೆ ಹೋಗಲೇ ಇಲ್ಲ. ಎರಡು ವಾರಾಂತ್ಯ ಆಡಿದ ಹೊತ್ತಿಗೆ ಹತ್ತು ಗಂಟೆ ದಾಟಿತು, ಗಣಿ ಮುಚ್ಚಿಹೋಯಿತು. ಸುತ್ತಲಿನ ಜಾಗವನ್ನು ಕಾಪಾಡುವ ಲ್ಯಾಂಡ್ ಕ್ಲೇಮ್ ಬ್ಲಾಕ್ ಇದ್ದದ್ದು ಬೇಸ್‌ನಲ್ಲಿ, ಹಾಗಾಗಿ ಬೇಸ್ ಮತ್ತು ಅದರ ಹತ್ತಿರದ ಸುರಂಗ ಉಳಿಯಿತು. ದೂರದಲ್ಲೂ ಒಂದು ಕ್ಲೇಮ್ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮೈನಸ್ 1 ಇರುವಾಗ ಅದರ ಅಗತ್ಯವೇ ಇರಲಿಲ್ಲ. ಆ ಸೆಟ್ಟಿಂಗ್ ನಂಬಿಯೇ ಅಷ್ಟು ದೂರ ಕೊರೆದಿದ್ದು.

ಈಗ ನಮಗೆ ಬೇಕಿರುವುದು ಇಷ್ಟು. ಪ್ರತಿದಿನ ಬ್ಯಾಕಪ್ ತೆಗೆದು 30 ದಿನ ಇಡುತ್ತೇವೆ ಅಂತ ನಿಮ್ಮ ಪ್ಲಾನ್‌ನಲ್ಲೇ ಬರೆದಿದ್ದೀರಿ. ಪ್ಯಾನೆಲ್‌ನಲ್ಲಿ ಮಾತ್ರ ಕೊನೆಯ ಮೂರು ದಿನದ್ದು ಕಾಣುತ್ತಿದೆ, ಅವುಗಳಲ್ಲೆಲ್ಲ ಗಣಿ ಆಗಲೇ ಮುಚ್ಚಿದೆ. ನಮಗೆ ಸೆಪ್ಟೆಂಬರ್ 19ರ ಬ್ಯಾಕಪ್ ಬೇಕು. ಇಡೀ ಲೋಕವನ್ನು ಹಿಂದಕ್ಕೆ ತಿರುಗಿಸುವುದು ಬೇಡ. ಗೇಮ್ ತನ್ನ ನೆಲವನ್ನು 512 ಮೀಟರ್ ಚೌಕದ ರೀಜನ್ ಫೈಲ್‌ಗಳಲ್ಲಿ ಇಡುತ್ತದೆ, ನಮ್ಮ ಸುರಂಗ ಅಂಥ ಎರಡು ಫೈಲ್‌ಗಳಲ್ಲಿದೆ. ಸರ್ವರ್ ನಿಲ್ಲಿಸಿ ಆ ಎರಡನ್ನು ಮಾತ್ರ ಹಾಕಿಕೊಟ್ಟರೆ ಸಾಕು. ಆ ನಂತರ ಬೇಸ್‌ನಲ್ಲಿ ಮಾಡಿದ ಸಣ್ಣಪುಟ್ಟ ಕೆಲಸ ಹೋದರೂ ಪರವಾಗಿಲ್ಲ, ಐದೂ ಜನ ಒಪ್ಪಿದ್ದೇವೆ. ಜೊತೆಗೆ ನಮ್ಮ ಹಳೆಯ ಕಾನ್ಫಿಗ್ ಫೈಲನ್ನು ಮರಳಿ ಹಾಕಿ. ಇನ್ನು ಮುಂದೆ ನಮಗೆ ಹೇಳದೆ ಅದನ್ನು ಮುಟ್ಟುವುದಿಲ್ಲ ಅಂತ ಬರಹದಲ್ಲಿ ಕೊಡಿ.

ನಿಮ್ಮ ಲೆಕ್ಕದ ಪ್ರಕಾರವೇ ಆ ಬ್ಯಾಕಪ್ ಅಕ್ಟೋಬರ್ 19ಕ್ಕೆ ಅಳಿಸಿಹೋಗುತ್ತದೆ. ದಯವಿಟ್ಟು ಇವತ್ತೇ ಅದನ್ನು ತೆಗೆದು ಬೇರೆ ಕಡೆ ಇಡಿ. ಉಳಿದ ಮಾತು ಆಮೇಲೆ ಆಡಬಹುದು. ಅಕ್ಟೋಬರ್ 13ರೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆ ಅಂತ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಎರಡೂ ಕಾನ್ಫಿಗ್ ಫೈಲ್, ಪ್ಯಾನೆಲ್‌ನ ದಾಖಲೆ, ಗಣಿಯ ಮೊದಲಿನ ಮತ್ತು ಈಗಿನ ಸ್ಕ್ರೀನ್‌ಶಾಟ್‌ಗಳನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
(ಐವರು ಆಟಗಾರರ ಪರವಾಗಿ)