ಪಿಎಚ್ ಮೀಟರ್ ಒಣಗಿಸಬೇಡಿ

ಸಂಪಾದಕರೇ,

ತೀರ್ಥಹಳ್ಳಿ ಕಡೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವವರಲ್ಲಿ ನಾನೂ ಒಬ್ಬ. ಗಿಡಕ್ಕೆ ಕೊಡುವ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಅಳೆಯುವ ಪಿಎಚ್ ಮೀಟರ್ ಮಾರಿದ ಅಂಗಡಿಯವರು ಅದನ್ನು ನೋಡಿಕೊಳ್ಳುವುದು ಹೇಗೆ ಅಂತ ಒಂದು ಮಾತೂ ಹೇಳಲಿಲ್ಲ. ನಾನು ಸುಮ್ನೆ ತೊಳೆದು, ಪಂಚೆ ತುದಿಯಲ್ಲಿ ಒರೆಸಿ, ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ, ಮಳೆಗಾಲ ಅಲ್ವಾ, ಬೂಸಲು ಹಿಡಿಯಬಾರದು ಅಂತ. ತುದಿಯ ಗಾಜಿನ ಗುಂಡು ಒಣಗಿತು. ಮೀಟರ್ 6 ಅನ್ನುತ್ತಿತ್ತು, ಲೆಟ್ಯೂಸಿನ ಎಳೆ ಎಲೆ ಮಾತ್ರ ಹಳದಿ. ಪಿಎಚ್ 7 ಅಂತ ಮೊದಲೇ ಗೊತ್ತಿರುವ ಪರೀಕ್ಷೆಯ ದ್ರಾವಣ, ಅಂದರೆ 7ರ ಬಫರ್‌ನಲ್ಲಿ ಅದ್ದಿದರೆ 6.1 ತೋರಿಸಿತು! ಅಂದರೆ ನೀರು ನಿಜವಾಗಿ 7ರ ಹತ್ತಿರ ಇತ್ತು, ಬೇಕಾದ್ದು 5.5ರಿಂದ 6.5.

ಈಗ ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹಾಕಿಡುತ್ತೇನೆ. ಡಿಸ್ಟಿಲ್ಡ್ ನೀರಲ್ಲಿ ಇಡಬೇಡಿ, ಗುಂಡು ಇನ್ನೂ ಕೆಡುತ್ತದೆ. ವಾರಕ್ಕೊಮ್ಮೆ 7, ಆಮೇಲೆ 4ರ ಬಫರ್‌ನಲ್ಲಿ ಅದ್ದಿ ಮೀಟರ್ ಸರಿಮಾಡುತ್ತೇನೆ. ನಿಮ್ಮ ಕೃಷಿ ಪುಟದಲ್ಲಿ ಇಂಥದ್ದೂ ಸ್ವಲ್ಪ ಬರಲಿ.

— ಒಬ್ಬ ಓದುಗ, ತೀರ್ಥಹಳ್ಳಿ