ಬೈರೂತಿನವರಿಗೆ, ಅದರಲ್ಲೂ ಒಬ್ಬರಿಗೆ

ಹೋದ ವಾರ ಡಾಕ್ಟರು ನನ್ನ ಫೈಲು ಮುಚ್ಚಿದರು. ಇನ್ನು ಕಣ್ಣು ತೋರಿಸಲು ಬರುವುದು ಬೇಡವಂತೆ. ಹೊನ್ನಾವರಕ್ಕೆ ಬಂದು ಆಯಿಗೆ ಹೇಳಿದೆ. "ಅಷ್ಟು ಜನ ಮಾಡಿದ್ದಾರೆ ನಿನಗೆ, ಒಂದು ಮಾತು ಬರೆದು ಹಾಕು" ಎಂದಳು. ಹಾಗಾಗಿ ಇದು.

ಏನಾಯಿತು, ಯಾವ ಕಣ್ಣು, ಎಷ್ಟು ಆಪರೇಷನ್ ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಹೇಳುವುದಿಲ್ಲ. ಹೊಸಬರು ಯಾರಾದರೂ ಓದುತ್ತಿದ್ದರೆ ಇಷ್ಟು ಸಾಕು: 2020ರ ಆಗಸ್ಟ್ 4ರ ಸಂಜೆ ಲೆಬನಾನಿನ ರಾಜಧಾನಿ ಬೈರೂತಿನ ಬಂದರಿನಲ್ಲಿ ಹೊಗೆ ಏಳುತ್ತಿತ್ತು. ಊರಿನ ಅರ್ಧ ಜನ ಕಿಟಕಿಗೆ ಬಂದು ನೋಡುತ್ತಿದ್ದರು. ನಾನೂ ಬಾಲ್ಕನಿಯ ಗಾಜಿನ ಬಾಗಿಲಿಗೆ ಹೋದೆ. ಆಗ ಆರು ಗಂಟೆ ದಾಟಿತ್ತು. ಅಷ್ಟರಲ್ಲಿ ಬಂದರು ಸ್ಫೋಟಿಸಿತು.

ಮೊದಲು ಒಂದೇ ಉಸಿರಿಗೆ ಎಲ್ಲರಿಗೂ. ರಜೆ ಮೇಲೆ ರಜೆ ಕೊಟ್ಟ ಆಫೀಸಿನವರು, ಒಡೆದ ಮನೆಯಲ್ಲಿ ನನ್ನ ಪಾಸ್‌ಪೋರ್ಟ್ ಹುಡುಕಿಟ್ಟ ಎರಡನೇ ಮಹಡಿಯ ಅರ್ಮೇನಿಯನ್ ಅಜ್ಜಿ, ಬೈರೂತಿನ ಮೆಡಿಕಲ್ ಶಾಪುಗಳಲ್ಲಿ ಔಷಧಿ ಸಿಗದೇ ಹೋದಾಗ ದುಬೈಯಿಂದ ಕಳಿಸಿದ ಕುಮಟಾದ ಗೆಳೆಯರು, ದಿನಾ ಫೋನ್ ಮಾಡಿ "ಅಳಬೇಡ" ಎನ್ನುತ್ತಾ ತಾನೇ ಅಳುತ್ತಿದ್ದ ಅತ್ತಿಗೆ, ಎಲ್ಲರಿಗೂ ದೊಡ್ಡ ನಮಸ್ಕಾರ. ನನಗೆ ಬಂದದ್ದು ಒಂದೇ ಸಾಲಾ ಎಂದು ಬೇಸರ ಮಾಡಿಕೊಳ್ಳಬೇಡಿ. ಉಳಿದ ಸಾಲುಗಳು ಯಾರಿಗೆ ಸೇರಬೇಕು ಎಂದು ನಿಮಗೂ ಗೊತ್ತು.

ನಮ್ಮ ಕಟ್ಟಡದ ನಾತೂರ್ ಅಣ್ಣನಿಗೆ.

ಬೈರೂತಿನ ಹಳೇ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಒಬ್ಬ ನಾತೂರ್ ಇರುತ್ತಾರೆ. ಗೇಟು ಕಾಯುವುದು, ಮೆಟ್ಟಿಲು ತೊಳೆಯುವುದು, ನೀರಿನ ಟ್ಯಾಂಕರ್ ಬಂದರೆ ಪೈಪು ಎಳೆಯುವುದು, ಸರಕಾರದ ಕರೆಂಟು ಹೋದಾಗ ಜನರೇಟರ್ ಲೈನಿನ ಸ್ವಿಚ್ಚು ನೋಡುವುದು, ಎಲ್ಲ ಅವರದೇ. ಇರುವುದು ಮಾತ್ರ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ, ಹೆಂಡತಿ ಮಕ್ಕಳ ಜೊತೆ. ನಮ್ಮ ನಾತೂರ್ ಸಿರಿಯಾದವರು, ಹಸಕೆ ಕಡೆಯ ರೈತ. ಹೆಸರು ಬರೆಯುವುದಿಲ್ಲ. ಬೇಡ ಎಂದಿದ್ದಾರೆ. ಬೈರೂತಿನ ಜೈತಾವಿ ಬಡಾವಣೆಯ ಆ ಕಟ್ಟಡದಲ್ಲಿ ನಾನು ಇದ್ದಷ್ಟು ಕಾಲ ಅವರು ನನ್ನನ್ನು "ಉಸ್ತಾಜ್" ಎಂದೇ ಕರೆದರು. ನಾನು ಮೇಷ್ಟ್ರಲ್ಲ, ಲೆಕ್ಕ ಬರೆಯುವವನು ಎಂದು ಎಷ್ಟು ಹೇಳಿದರೂ ಬಿಡಲಿಲ್ಲ.

ಸ್ಫೋಟವಾದ ಮೇಲೆ ಅವರು ಮೊದಲು ತಮ್ಮ ಹೆಂಡತಿ ಮಕ್ಕಳನ್ನು ನೋಡಿಕೊಂಡರು. ಹಾಗೇ ಮಾಡಬೇಕು. ಎಲ್ಲರೂ ಉಸಿರಾಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಒಂದೊಂದೇ ಮಹಡಿ ಹತ್ತಿ ಬಾಗಿಲು ತಟ್ಟುತ್ತಾ ಬಂದರಂತೆ. ನನ್ನ ಮನೆಗೆ ತಟ್ಟಲು ಬಾಗಿಲೇ ಇರಲಿಲ್ಲ. ಬೆನ್ನ ಮೇಲೆ ಹೊತ್ತುಕೊಂಡು ಇಳಿಸಿದರು. ಮೆಟ್ಟಿಲ ತುಂಬಾ ಗಾಜು, ಅವರ ಕಾಲಲ್ಲಿ ರಬ್ಬರ್ ಚಪ್ಪಲಿ.

ನಮ್ಮ ಸುತ್ತಮುತ್ತಲಿನ ದೊಡ್ಡ ಆಸ್ಪತ್ರೆಗಳೇ ಒಡೆದು ಹೋಗಿದ್ದವು. ಒಳಗಿದ್ದ ರೋಗಿಗಳನ್ನೇ ಹೊರಗೆ ತಂದು ಪಾರ್ಕಿಂಗ್ ಜಾಗದಲ್ಲಿ ಮಲಗಿಸಿ, ಫೋನಿನ ಟಾರ್ಚ್ ಬೆಳಕಲ್ಲಿ ಹೊಲಿಗೆ ಹಾಕುತ್ತಿದ್ದರು. ಅಂಥದ್ದರಲ್ಲಿ ನನ್ನನ್ನು ಯಾರು ನೋಡಬೇಕು? ನಾತೂರ್ ಅಣ್ಣ ತರಕಾರಿ ಸಾಗಿಸುವ ಒಂದು ಪಿಕಪ್ ನಿಲ್ಲಿಸಿದರು. ಅದರಲ್ಲಿ ಆಗಲೇ ಇನ್ನೂ ಕೆಲವರು ಇದ್ದರು. ಗಾಡಿ ಉತ್ತರಕ್ಕೆ ಹೊರಟಿತು. ಜಾಗ ಸಿಕ್ಕಿದ್ದು ಜುಬೈಲ್‌ನಲ್ಲಿ, ಬೈರೂತಿನಿಂದ ಸುಮಾರು 40 ಕಿಲೋಮೀಟರ್ ದೂರ.

ನನ್ನನ್ನು ಗಾಡಿಗೆ ಹತ್ತಿಸಿ ಅವರು ಇಳಿದು ಹೋಗಬಹುದಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರ ವಾಸದ ಪರವಾನಗಿ ಯಾವಾಗಲೋ ಮುಗಿದಿತ್ತು ಎಂಬುದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಲೆಬನಾನಿನಲ್ಲಿ ಅದನ್ನು ಮಾಡಿಸಿಕೊಳ್ಳುವುದು ಸಿರಿಯಾದವರಿಗೆ ಸುಲಭವಲ್ಲ. ಶುಲ್ಕ 200 ಡಾಲರ್, ಮೇಲೆ ಯಾರಾದರೂ ಸ್ಥಳೀಯರು ಜವಾಬ್ದಾರಿ ಹೊರಬೇಕು. 2015ರಿಂದ ವಿಶ್ವಸಂಸ್ಥೆ ಕೂಡ ಹೊಸ ನಿರಾಶ್ರಿತರ ಹೆಸರು ಬರೆದುಕೊಳ್ಳುವುದನ್ನು ನಿಲ್ಲಿಸಿತ್ತು, ಅಲ್ಲಿನ ಸರಕಾರ ಹೇಳಿದ ಮೇಲೆ. ಎಷ್ಟೋ ಊರುಗಳಲ್ಲಿ ಸಂಜೆ ಮೇಲೆ ಸಿರಿಯಾದವರು ಹೊರಗೆ ಓಡಾಡಬಾರದು ಎಂದು ಬೋರ್ಡೇ ಹಾಕಿದ್ದರು. ದಾರಿಯ ಒಂದು ಚೆಕ್‌ಪೋಸ್ಟಿನಲ್ಲಿ ಸೈನಿಕ ಕಾಗದ ಕೇಳಿದರೆ ಮುಗಿಯಿತು. ಅಂಥ ಮನುಷ್ಯ ರಾತ್ರಿ ಹೊತ್ತು, ತೆರೆದ ಗಾಡಿಯಲ್ಲಿ, ನನ್ನ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಇದ್ದರು. ನಾನು ಕಣ್ಣು ಮುಚ್ಚಿದರೆ ಮತ್ತೆ ಏಳುವುದಿಲ್ಲ ಎಂದು ಅವರಿಗೆ ಭಯ. ನನ್ನ ಅರೇಬಿಕ್ ಆಗ ಅಂಗಡಿಯಲ್ಲಿ ಬ್ರೆಡ್ ತರುವಷ್ಟು ಮಾತ್ರ. ಆದ್ದರಿಂದ ಕೇಳಿದ್ದನ್ನೇ ಕೇಳುತ್ತಿದ್ದರು. ನಿಮ್ಮೂರಲ್ಲಿ ಏನು ಬೆಳೆಯುತ್ತೀರಿ? ಈಗ ಮಳೆ ಇದೆಯಾ? ಆಗಸ್ಟಿನಲ್ಲೂ? ಎಷ್ಟು ದಿನ? ಬೈರೂತಿನಲ್ಲಿ ಆಗಸ್ಟ್ ಎಂದರೆ ಒಂದು ಹನಿಯೂ ಬೀಳುವುದಿಲ್ಲ. ಅವರ ಊರು ಖಾಬೂರ್ ನದಿಯ ದಂಡೆಯದು. ಗೋಧಿ, ಹತ್ತಿ ಬೆಳೆಯುತ್ತಿದ್ದರು. ಯುದ್ಧಕ್ಕೆ ಮೊದಲೇ ಬರ ಬಂದು ನದಿ ಬತ್ತಿತ್ತು. ಹಾಗಾಗಿ ಮೂರು ತಿಂಗಳು ಬಿಡದೆ ಮಳೆ ಹೊಯ್ಯುತ್ತದೆ ಎಂದರೆ ಅವರು ನಂಬಲಿಲ್ಲ. ನನಗೆ ತಲೆ ಕೆಟ್ಟಿದೆ ಎಂದುಕೊಂಡು ಇನ್ನೂ ಹೆದರಿದರಂತೆ.

ಬೆಳಗಿನವರೆಗೆ ಆಸ್ಪತ್ರೆಯ ಕಾರಿಡಾರಿನ ನೆಲದ ಮೇಲೆ ಕೂತಿದ್ದರು. ಅಂಗಿ ತುಂಬಾ ನನ್ನ ರಕ್ತ. ಒಬ್ಬ ಸಿಬ್ಬಂದಿ "ನೀನು ಯಾರು, ಯಾಕಿಲ್ಲಿ ಇದ್ದೀಯ, ಹೊರಗೆ ನಡಿ" ಎಂದು ಗದರಿದ್ದು ಕೇಳಿಸಿತು. ಅವರು ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಾಗಿಲಿನಿಂದ ವಾಪಸು ಬಂದರು.

ಇದನ್ನು ಬರೆಯುವಾಗ ಕೈ ಸರಿಯಿಲ್ಲ. ಆ ರಾತ್ರಿ ನನಗೆ ದೇವರು ನೆನಪಾಗಲಿಲ್ಲ, ಮನೆ ನೆನಪಾಗಲಿಲ್ಲ. ಬರೀ ಹೆದರಿಕೆ. ಪ್ರತಿ ಸಲ ಕೈ ಚಾಚಿದಾಗ ಅವರ ಕೈ ಸಿಗುತ್ತಿತ್ತು, ಅಷ್ಟೇ. 2,750 ಟನ್ ಅಮೋನಿಯಂ ನೈಟ್ರೇಟ್ ಊರಿಗೇ ಅಂಟಿದ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಸ್ಫೋಟಿಸಿದ್ದು ಅದೇ. ಮೇಲಿನವರಿಗೆ ಗೊತ್ತಿತ್ತು. ಕಾಗದದ ಮೇಲೆ ಕಾಗದ ಓಡಾಡಿತ್ತು. 200ಕ್ಕೂ ಜಾಸ್ತಿ ಜನ ಸತ್ತರು. ವರ್ಷಗಳು ಕಳೆದರೂ ಒಬ್ಬರಿಗೂ ಶಿಕ್ಷೆಯಾಗಿಲ್ಲ. ನನಗೆ ಸಿಟ್ಟು ಇನ್ನೂ ಹೋಗಿಲ್ಲ. ಕೃತಜ್ಞತೆಯ ಬರಹದಲ್ಲಿ ಸಿಟ್ಟು ಇರಬಾರದು ಎಂದು ನಿಯಮವೇನೂ ಇಲ್ಲವಲ್ಲ.

ಆಮೇಲೆ ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಆಗಲೇ ಅಲ್ಲಿನ ಹಣ ಲೀರಾ ಕುಸಿಯುತ್ತಿತ್ತು, ಅವರ ಸಂಬಳಕ್ಕೆ ಹಿಟ್ಟು ಎಣ್ಣೆ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಆದರೂ ಬೇಡ ಎಂದರು. ಬದಲಿಗೆ ಒಂದು ಕೇಳಿದರು: ಮಗಳಿಗೆ ಇಂಗ್ಲಿಷ್, ಗಣಿತ ಹೇಳಿಕೊಡಬೇಕು. ಸಿರಿಯಾದ ಮಕ್ಕಳಿಗೆ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಪಾಳಿ. ಟೀಚರುಗಳಿಗೆ ಸಂಬಳವಿಲ್ಲದೆ ಮುಷ್ಕರವಾದರೆ ಅದೂ ಇಲ್ಲ. ಹೀಗೆ ನಾನು ಕೊನೆಗೂ ಮೇಷ್ಟ್ರಾದೆ. ಮೆಟ್ಟಿಲ ಮೇಲೆ ಕೂತು ಭಿನ್ನರಾಶಿ ಕಲಿಸಿದೆ. ಹುಡುಗಿ ಚುರುಕು. ನನ್ನ ತಪ್ಪು ಅರೇಬಿಕ್ಕನ್ನು ತಿದ್ದುತ್ತಾ ಕಲಿತಳು.

ಮೂರನೇ ಮಹಡಿಯಲ್ಲಿ ಕೆಲಸಕ್ಕಿದ್ದ ಇಥಿಯೋಪಿಯಾದ ತಂಗಿಗೂ ಇಲ್ಲಿ ಜಾಗ ಬೇಕು. ನನ್ನ ಮನೆಯ ನೆಲದ ರಕ್ತ ತೊಳೆದದ್ದು ಅವಳು, ಯಾರೂ ಹೇಳದೆ. ಲೆಬನಾನಿನಲ್ಲಿ ಹೊರದೇಶದಿಂದ ಮನೆಗೆಲಸಕ್ಕೆ ಬಂದವರ ಪರವಾನಗಿ ಯಜಮಾನರ ಹೆಸರಿಗೆ ಗಂಟು ಬಿದ್ದಿರುತ್ತದೆ. ಕೆಲಸ ಬಿಟ್ಟರೆ ದೇಶದಲ್ಲಿರುವುದೇ ಅಪರಾಧ. ಅದೇ 2020ರಲ್ಲಿ, ಸಂಬಳ ಕೊಡಲಾಗದ ಎಷ್ಟೋ ಮನೆಯವರು ಇಂಥ ಹೆಣ್ಣುಮಕ್ಕಳನ್ನು ಕಾರಿನಲ್ಲಿ ತಂದು ಇಥಿಯೋಪಿಯಾ ಕಾನ್ಸುಲೇಟಿನ ಮುಂದೆ, ಗಂಟುಮೂಟೆ ಸಮೇತ, ರಸ್ತೆ ಬದಿಗೆ ಇಳಿಸಿ ಹೋಗಿದ್ದರು. ಅವಳು ಈಗ ತನ್ನ ದೇಶದಲ್ಲಿ ಸುಖವಾಗಿದ್ದಾಳೆ. ಸಣ್ಣ ಅಂಗಡಿ ಇಟ್ಟಿದ್ದಾಳೆ.

ಇನ್ನು ಆಫೀಸಿನ ಗೆಳೆಯರು. ಇವರ ಬಗ್ಗೆ ಬರೆದರೆ ಮುಗಿಯುವುದಿಲ್ಲ, ಅದಕ್ಕೇ ಸ್ವಲ್ಪ ಬರೆಯುತ್ತೇನೆ. ಪಟ್ಟಿ ಬಿಚ್ಚಿದ ಮೇಲೆ ನಾನು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಬಾಗಿಲು ಜೋರಾಗಿ ಹಾಕಿದರೂ ಬೆಚ್ಚುತ್ತಿದ್ದೆ. ಇವರು ಕೇಳದೆ ಕಾರಿಗೆ ತುಂಬಿಕೊಂಡು ಹೊರಟರು. ಇಡೀ ಲೆಬನಾನ್ 10,452 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಎಲ್ಲಿಗೆ ಹೋದರೂ ಸಂಜೆಗೆ ವಾಪಸು ಬರಬಹುದು. ಬಷರ್ರಿಯ ಮೇಲಿನ ಸೀಡರ್ ಮರಗಳ ಕಾಡು, ಕದೀಶಾ ಕಣಿವೆಯ ಬಂಡೆಗೆ ಅಂಟಿದ ಮಠಗಳು, ಬಾಲಬೆಕ್‌ನ ರೋಮನ್ ಕಂಬಗಳು, ದಕ್ಷಿಣದ ಸೂರ್‌ನ ಸಮುದ್ರ. ಬಾಲಬೆಕ್‌ನಲ್ಲಿ ಕಂಬ ನೋಡಿದ್ದಕ್ಕಿಂತ ಊಟಕ್ಕೆ ಜಗಳ ಆಡಿದ್ದೇ ಜಾಸ್ತಿ. ಅಲ್ಲಿನ ಸ್ಫೀಹಾ ರೊಟ್ಟಿ ಮಾಂಸದ್ದು, ನಾನು ತಿನ್ನುವುದಿಲ್ಲ. ಊರೆಲ್ಲ ಸುತ್ತಿ ನನಗಾಗಿ ಝಾತರ್ ಸೊಪ್ಪಿನ ಪುಡಿ ಹಾಕಿದ ಮನಾಕೀಶ್ ರೊಟ್ಟಿ ಮಾಡಿಸಿದರು. 2021ರ ಬೇಸಿಗೆಯಲ್ಲಿ ಪೆಟ್ರೋಲಿಗೆ ಗಂಟೆಗಟ್ಟಲೆ ಸಾಲು. ಆ ಸಾಲಲ್ಲಿ ಬೆಳಗಿನ ಜಾವವೇ ನಿಂತು ಟ್ಯಾಂಕ್ ತುಂಬಿಸಿ, ಅದನ್ನು ನನ್ನನ್ನು ಸಮುದ್ರ ತೋರಿಸಲು ಸುಟ್ಟವರು ಇವರು.

ಅವರ ಜೊತೆ ತಿರುಗುವಾಗ ಒಂದು ಗಮನಿಸಿದೆ. ಅಲ್ಲಿ ಯಾರೂ ನಿಮ್ಮ ಧರ್ಮ ಯಾವುದು ಎಂದು ನೇರ ಕೇಳುವುದಿಲ್ಲ. ಊರು ಯಾವುದು, ಯಾರ ಮನೆ ಎಂದು ಕೇಳುತ್ತಾರೆ. ಉತ್ತರ ಸಿಕ್ಕ ಕೂಡಲೇ ಅಲ್ಲಿನ 18 ಧಾರ್ಮಿಕ ಪಂಗಡಗಳಲ್ಲಿ ನೀವು ಯಾವುದು ಎಂದು ಲೆಕ್ಕ ಹಾಕಿ ಆಗಿರುತ್ತದೆ. ನಮ್ಮಲ್ಲೂ ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರು? ಯಾರ ಪೈಕಿ?" ಎಂದು ಕೇಳುವುದು ಇದಕ್ಕೇ ಅಲ್ವಾ. ನನಗೆ ನಗು ಬಂತು. ಅವರಿಗೆ ಹೇಳಿದೆ, ಅವರೂ ನಕ್ಕರು, ಆದರೆ ಜಾಸ್ತಿ ಹೊತ್ತಲ್ಲ. ಕಾರಿನಲ್ಲಿದ್ದವರಲ್ಲಿ ಇಬ್ಬರು ಪ್ರೀತಿಸಿ ಮದುವೆಯಾದವರು. ಬೇರೆ ಬೇರೆ ಪಂಗಡ. ಅಲ್ಲಿ ರಿಜಿಸ್ಟರ್ ಮದುವೆ ಎಂಬುದೇ ಇಲ್ಲ, ಆದ್ದರಿಂದ ವಿಮಾನ ಹತ್ತಿ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬಂದಿದ್ದರು.

ಅವರಲ್ಲೊಬ್ಬನಿಗೆ ವಿಶೇಷವಾಗಿ ಋಣಿ. ಅವನ ಅಪ್ಪ ಜೀವಮಾನ ದುಡಿದು ಬ್ಯಾಂಕಿನಲ್ಲಿಟ್ಟ ಹಣ 2019ರಿಂದ ಸಿಕ್ಕಿಹಾಕಿಕೊಂಡಿತ್ತು. ಪಾಸ್‌ಬುಕ್ಕಿನಲ್ಲಿ ಡಾಲರ್ ಇದೆ, ಕೈಗೆ ಬರುವುದಿಲ್ಲ. ಅಂಥವನು ಆಪರೇಷನ್ನಿಗೆ ಎಂದು ಲಕೋಟೆಯಲ್ಲಿ ಡಾಲರ್ ನೋಟು ತಂದಿಟ್ಟು, "ವಾಪಸು ಕೊಡುವ ಮಾತಾಡಿದರೆ ಮಾತೇ ಬಿಡುತ್ತೇನೆ" ಎಂದ. ನಾನು ಒಮ್ಮೆ ಸುಮ್ನೆ, ಒಳ್ಳೆಯ ಮಾತು ಎಂದುಕೊಂಡು, "ನೀವು ಲೆಬನಾನಿನವರು ಎಷ್ಟು ಬಿದ್ದರೂ ಏಳುತ್ತೀರಿ" ಎಂದೆ. ಅವನ ಮುಖ ಗಂಟಿಕ್ಕಿತು. "ಏಳುವುದು ಸಾಕಾಗಿದೆ ಮಾರಾಯ. ಬೀಳಿಸದ ಸರಕಾರ ಬೇಕು" ಎಂದ. ಆಮೇಲೆ ಆ ಮಾತು ನಾನು ಆಡಲಿಲ್ಲ. ನೀವೂ ಅಲ್ಲಿಗೆ ಹೋದರೆ ಆಡಬೇಡಿ.

ಮತ್ತೆ, ಸ್ಫೋಟದ ಮರುದಿನ ಲೆಬನಾನಿನ ಉತ್ತರದ ತ್ರಿಪೋಲಿಯಿಂದ, ಸೈದಾದಿಂದ, ಎಲ್ಲೆಲ್ಲಿಂದಲೋ ಪೊರಕೆ ಸಲಿಕೆ ಹಿಡಿದು ಬಂದು ನಮ್ಮ ಬೀದಿ ಗುಡಿಸಿದ ಹುಡುಗ ಹುಡುಗಿಯರಿಗೂ ನಮಸ್ಕಾರ. ನಾನು ನಿಮ್ಮನ್ನು ನೋಡಲಿಲ್ಲ. ನಾತೂರ್ ಅಣ್ಣ ಹೇಳಿದ್ದು. ಅವರ ಕೈಯಲ್ಲೂ ಒಂದು ಪೊರಕೆ ಇತ್ತಂತೆ. ಟಿವಿಯವರು ಬಂದಾಗ ಮಾತ್ರ ಒಳಗೆ ಹೋದರಂತೆ.

2024ರ ಡಿಸೆಂಬರಿನಲ್ಲಿ ದಮಾಸ್ಕಸ್‌ನ ಸರಕಾರ ಬಿದ್ದ ಮೇಲೆ ಅವರು ಊರಿಗೆ ಹೊರಟರು. ವ್ಯಾನಿನ ಮೇಲೆ ಹಾಸಿಗೆ, ಗ್ಯಾಸ್ ಒಲೆ, ಮಗಳ ಪುಸ್ತಕದ ಚೀಲ. ಮಸ್ನಾ ಗಡಿ ದಾಟಿ ವಾಯ್ಸ್ ಮೆಸೇಜ್ ಕಳಿಸಿದರು. ಊರಲ್ಲಿ ಮನೆ ಅರ್ಧ ಇದೆ, ನೆಲ ಇದೆ, ನೀರಿಲ್ಲ. ಮೊದಲ ವರ್ಷದ ಗೋಧಿ ಕೈ ಕೊಟ್ಟಿತು. ಈ ಸಲ ನಾನು ಕಳಿಸಿದ ಹಣವನ್ನು "ಬೀಜಕ್ಕೆ ಸಾಲ" ಎಂದು ಹೇಳಿ ತೆಗೆದುಕೊಂಡಿದ್ದಾರೆ. ಬಡ್ಡಿ ಎಷ್ಟು ಎಂದೂ ಕೇಳಿದರು. ಹುಡುಗಿಗೆ ಹೇಳಿಕೊಟ್ಟ ಲೆಕ್ಕ ಈಗ ನನ್ನ ಮೇಲೇ ಪ್ರಯೋಗವಾಗುತ್ತಿದೆ. ಈ ಬರಹದ ಇಂಗ್ಲಿಷ್ ರೂಪ ಅವಳಿಗೆ ಕಳಿಸಿದ್ದೇನೆ, ಅಪ್ಪನಿಗೆ ಓದಿ ಹೇಳುತ್ತಾಳೆ.

ಬರುವ ಭಾನುವಾರ ಮಧ್ಯಾಹ್ನ ಹೊನ್ನಾವರದ ಮನೆಯಲ್ಲಿ ಊಟ. ಹತ್ತಿರ ಇರುವವರು ಎಲ್ಲರೂ ಬನ್ನಿ. ಆಯಿಯ ಅಪ್ಪೆಹುಳಿ ಇರುತ್ತದೆ, ನನ್ನ ತಬ್ಬೂಲೆ (ಲೆಬನಾನಿನ ಸೊಪ್ಪಿನ ಕೋಸಂಬರಿ) ಇರುತ್ತದೆ. ತಬ್ಬೂಲೆಗೆ ಪಾರ್ಸ್ಲಿ ಸೊಪ್ಪು ರಾಶಿ ಬೇಕು, ಇಲ್ಲಿ ಸಿಗುತ್ತಿಲ್ಲ. ಮಂಗಳೂರು ಕಡೆಯಿಂದ ಬರುವವರು ಯಾರಾದರೂ ತಂದರೆ ಉಪಕಾರ. ಕೊತ್ತಂಬರಿ ಹಾಕಿ ಮಾಡಿ ಫೋಟೋ ಹಾಕಿದರೆ ಬೈರೂತಿನವರು ನನ್ನನ್ನು ಬಿಡುವುದಿಲ್ಲ.