ಮಂಜಿನೊಳಗಿನ 20 ನಿಮಿಷ

ಬಳ್ಳಾರಿ,
ಭಾನುವಾರ ರಾತ್ರಿ

ಪುಟ್ಟಿ,

ನಾನು ಊರಿಗೆ ಬಂದು ಹನ್ನೊಂದು ದಿನವಾಯಿತು. ಅಮ್ಮನ ಹತ್ತಿರ ದಿನಾ ಮಾತಾಡುತ್ತೀಯ, ನನಗೆ ಫೋನ್ ಕೊಡು ಅನ್ನುವುದಿಲ್ಲ. ನಿನ್ನೆ ಒಂದು ಫೋಟೊ ಬಂತು, ಜೊತೆಗೆ ಒಂದಕ್ಷರವಿಲ್ಲ. ನಿನ್ನ ಇಂಗ್ಲೆಂಡಿನ ಇಲ್ಕ್ಲಿ ಬೆಟ್ಟದ ಬ್ಯಾಜರ್ ಸ್ಟೋನ್, ಅದೇ ಬಳೆಯಂಥ ಹಳೆಯ ಕೆತ್ತನೆಗಳ ಬಂಡೆ, ಪಕ್ಕದ ಬೆಂಚು, ಹಿಂದೆ ಕತ್ತಲಾಗುತ್ತಿರುವ ಬಯಲು. ಮತ್ತೆ ಒಬ್ಬಳೇ ಹೋಗಿದ್ದೀಯ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ಅದಕ್ಕೇ ಕಾಗದ.

ಅದೇ ಬೆಟ್ಟದ ಆ ಸ್ವಸ್ತಿಕ ಕಲ್ಲಿನ ಮುಂದೆ, ಕಂಬಿ ಹಿಡಿದು ನಿಂತಿದ್ದ ದಂಪತಿಗೆ 'ಇದು ನಮ್ಮದು, ನಮ್ಮ ಕಡೆಯಿಂದ ಬಂದದ್ದು' ಅಂದೆನಲ್ಲ, ಅದು ತಪ್ಪು. ಅವರೆದುರೇ ನೀನು ತಿದ್ದಿದ್ದು ನನಗೆ ನಾಟಿತು. ಇಲ್ಲಿಗೆ ಬಂದ ಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ನಮ್ಮ ಸ್ವಸ್ತಿಕದ ತೋಳು ನೆಟ್ಟಗೆ ಹೋಗಿ ಮೂಲೆಯಲ್ಲಿ ಮುರಿಯುತ್ತದೆ. ಆ ಕಲ್ಲಿನದು ಕೊರೆದ ಕುಳಿಗಳ ಸುತ್ತ ಬಳ್ಳಿಯ ಹಾಗೆ ಬಾಗಿದೆ, ಒಂದು ಕಡೆ ಬಾಲವೂ ಇದೆ. ಇಟಲಿಯ ವಾಲ್ ಕಮೋನಿಕಾ ಕಣಿವೆಯ ಬಂಡೆಗಳಲ್ಲಿ ಇಂಥದೇ ಗುರುತಿದೆ ಅಂತ ನೀನು ಹೇಳಿದ್ದೇ ಸರಿ. ಇಲ್ಲಿ ಸಂಗನಕಲ್ಲಿನ ಬಂಡೆಗಳಲ್ಲಿ ಕೆತ್ತಿದ ಗೂಳಿಗಳ ಮುಂದೆ, ಸರಿಯಾಗಿ ನೋಡದೆ ಏನೂ ಹೇಳಬಾರದು ಅಂತ ನಾನು ನಿನಗೆ ಹೇಳಿದ್ದು ನಿನಗೇ ನೆನಪಿದೆ, ನಾನು ಮರೆತೆ.

ನೀನು ಸಿಟ್ಟಾಗಿ ಮುಂದೆ ನಡೆದೆ. ನಾನೂ ಹೋಗಲಿ ಅಂತ ಬಿಟ್ಟೆ. ಆಮೇಲೆ ಮಂಜು ಇಳಿಯಿತು. ಬಳ್ಳಾರಿ ಬಿಸಿಲಲ್ಲಿ ಬೆಳೆದವನಿಗೆ ಅಂಥ ಮಂಜು ಏನು ಗೊತ್ತು? ಹತ್ತು ಹೆಜ್ಜೆ ಆಚೆ ಏನೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಂದು ಕಾಲು ಮೊಣಕಾಲಿನ ತನಕ ಕಪ್ಪು ಕೆಸರಿಗೆ ಇಳಿಯಿತು, ಕಿತ್ತುಕೊಳ್ಳುವಾಗ ಶೂ ಒಳಗೇ ಉಳಿಯಿತು, ಕೈಹಾಕಿ ತೆಗೆದೆ. ಕಂಡ ಪ್ರತಿ ಬಂಡೆಯೂ ನೀನು ಕುಕ್ಕರಗಾಲಲ್ಲಿ ಕೂತ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಕಲ್ಲು. ನಿನ್ನ ಹೆಸರು ಕೂಗಿದೆ, ಪೊದೆಯಿಂದ ಆ ಗ್ರೌಸ್ ಹಕ್ಕಿ 'ಗೋ ಬ್ಯಾಕ್, ಗೋ ಬ್ಯಾಕ್' ಅಂದಂತೆ ಕೂಗಿ ಎದ್ದು ಹೋಯಿತು. 20 ನಿಮಿಷ. ಗಡಿಯಾರ ನೋಡುತ್ತಲೇ ಇದ್ದೆ. ಈಗಲೂ ರಾತ್ರಿ ಎಚ್ಚರವಾದರೆ ನಾನು ಅಲ್ಲೇ ಇರುತ್ತೇನೆ, ಬಂಡೆಯಿಂದ ಬಂಡೆಗೆ ಹೋಗುತ್ತಾ.

ನೀನು ಸಿಕ್ಕಾಗ ಬ್ಯಾಜರ್ ಸ್ಟೋನ್ ಮೇಲೆ ನಿನ್ನ ಬಾಟಲಿಯ ನೀರು ಸುರಿಯುತ್ತಿದ್ದೆ. 'ಅಪ್ಪ, ಬಾ, ನೆನೆದರೆ ಬಳೆಗಳು ಕಾಣ್ತವೆ' ಅಂದೆ. ಸಿಟ್ಟು ಮರೆತು ನನ್ನನ್ನು ಕರೆದಿದ್ದೆ, ಅಲ್ಲವಾ? ನಾನು ಕಲ್ಲಿನ ಕಡೆ ನೋಡಲೇ ಇಲ್ಲ. 'ನೀನು ಓದಿದ್ದೆಲ್ಲ ದಂಡ' ಅಂತ ಕೂಗಿದೆ. ಆ ಮಾತು ಹೇಗೆ ವಾಪಸ್ ತೆಗೆದುಕೊಳ್ಳುವುದು ತಿಳಿಯುತ್ತಿಲ್ಲ. ನಾಲ್ಕು ಸಾವಿರ ವರ್ಷದ ಹಿಂದಿನವರು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದನ್ನು ಕಣ್ಣಿಟ್ಟು ಹುಡುಕುವ ಮಗಳು ನನಗೆ ಇದ್ದಾಳೆ ಅಂತ ಇಲ್ಲಿ ಓಣಿಯವರಿಗೆಲ್ಲ ಹೇಳಿದ್ದೇನೆ. ನಿನಗೆ ಹೇಳಲಿಲ್ಲ.

ಬೇಡ ಅನ್ನುವುದಿಲ್ಲ, ಹೋಗು. ಆದರೆ ನವೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ, ಎರಡಕ್ಕೆ ವಾಪಸ್ ತಿರುಗು. ಹೋಗುವ ದಾರಿ, ಬರುವ ಹೊತ್ತು ಯಾರಿಗಾದರೂ ಹೇಳಿ ಹೋಗು. ಕಾಗದದ ನಕ್ಷೆ, ಟಾರ್ಚು, ಶಿಳ್ಳೆ ಇರಲಿ. ದಾರಿ ತಪ್ಪಿದರೆ ನಿಮಿಷಕ್ಕೆ ಆರು ಸಲ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಸಿಗ್ನಲ್ ಸಿಕ್ಕರೆ ಅಲ್ಲಿನ ತುರ್ತು ನಂಬರ್ 999ಕ್ಕೆ ಮಾಡು, ಪೊಲೀಸರನ್ನು ಕೇಳಿ, ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಮೌಂಟನ್ ರೆಸ್ಕ್ಯೂ ಬೇಕು ಅನ್ನು. ಮಂಜು ಬಂದರೆ ಕಾಲುದಾರಿ ಬಿಡಬೇಡ, ನಿಂತುಬಿಡು. ಶೂ ಹಾಕಿಕೊಂಡು ಕೆತ್ತನೆ ಮೇಲೆ ಹತ್ತಬೇಡ, ಚಾಕ್‌ಪೀಸಿನಿಂದ ಗೆರೆ ಎಳೆಯಬೇಡ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಆದರೂ ಬರೆದೆ.

ನೀನು ಕಳಿಸಿದ ಫೋಟೊದಲ್ಲಿ ಕಲ್ಲು ಒಣಗಿದೆ, ಒಂದು ಬಳೆಯೂ ಸರಿಯಾಗಿ ಕಾಣುತ್ತಿಲ್ಲ. ಮುಂದಿನ ಸಲ ನೀರು ಹಾಕಿ, ಬಿಸಿಲು ಓರೆಯಾಗಿ ಬೀಳುವಾಗ ಹತ್ತಿರದಿಂದ ತೆಗೆದು ಕಳಿಸುತ್ತೀಯಾ? ನಾನಿನ್ನೂ ನೋಡಿಲ್ಲ.

ನಿನ್ನ ಅಪ್ಪ